ಮೊಳೆಗೆ ತೂಗಿದ ದೇವರು ನಿರುಪದ್ರವಿ

ಮುಂಬಯಿ ಕಡೆಯ ಮಾಟುಂಗ, ಡೊಂಬಿವಿಲಿಯ ನಮ್ಮವರು ಮಕ್ಕಳನ್ನು ಯುರೋಪಿಗೆ ಕಳಿಸುವಾಗ ಚಟ್ನಿಪುಡಿ ಎಷ್ಟು ಕಿಲೋ ನಡೆಯುತ್ತದೆಂದು ನಾಲ್ಕು ಜನರನ್ನು ಕೇಳುತ್ತಾರೆ. ದೇವರನ್ನು ಎಲ್ಲಿಡಬೇಕೆಂದು ಕೇಳುವುದಿಲ್ಲ. ಕೇಳುವುದು ಒಳ್ಳೆಯದು, ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಅದಕ್ಕೊಂದು ವಾಸ್ತುಶಾಸ್ತ್ರವನ್ನೇ ರಚಿಸಿಟ್ಟಿದೆ.

ಜಿನೀವಾದ ಪ್ರಾಥಮಿಕ ಶಾಲೆಯ ಟೀಚರೊಬ್ಬರ ತಲೆವಸ್ತ್ರ 2001ರಲ್ಲಿ ಆ ನ್ಯಾಯಾಲಯದ ಕಣ್ಣಿಗೆ ‘ಪ್ರಬಲ ಬಾಹ್ಯ ಸಂಕೇತ’ ಎನಿಸಿಕೊಂಡಿತು. ಪಾಲಕರು ಯಾರೂ ದೂರಿರಲಿಲ್ಲ, ಇರಲಿ. 2011ರಲ್ಲಿ ಇಟಲಿಯ ತರಗತಿ ಗೋಡೆಯ ಶಿಲುಬೆ, 15–2 ಮತಗಳಿಂದ ಗೆದ್ದು, ‘ನಿಷ್ಕ್ರಿಯ ಸಂಕೇತ’ವಾಯಿತು. ಬೇಡವೆಂದು ದಾವೆ ಹೂಡಿದ ತಾಯಿ ಫಿನ್ಲೆಂಡಿನಿಂದ ಬಂದವರು. ಶಿಲುಬೆ ತೂಗುಹಾಕಿದ್ದು ಸರ್ಕಾರ. ವಸ್ತ್ರ ಸುತ್ತಿಕೊಂಡದ್ದು ಒಬ್ಬ ಹೆಂಗಸು. ಎಳೆಯರ ಮನಸ್ಸು ಕದಡುವ ತಾಕತ್ತು ಎರಡನೆಯದಕ್ಕೇ ಹೆಚ್ಚಂತೆ.

ಇನ್ನು ಫೋಟೋ. 35×45 ಮಿಲಿಮೀಟರ್, ತಿಳಿ ಬಣ್ಣದ ಹಿನ್ನೆಲೆ. ಇಷ್ಟು ದಾದರಿನ ಸ್ಟುಡಿಯೋ ಹುಡುಗನಿಗೂ ಗೊತ್ತು. ಫ್ರಾನ್ಸಿನ ವಾಸದ ಕಾರ್ಡಿಗೆ ಇನ್ನೊಂದು ಷರತ್ತು: ತಲೆ ಬರಿದಾಗಿರಬೇಕು. ಸದಾ ಪೇಟ ಸುತ್ತಿಕೊಂಡೇ ಓಡಾಡುವ ಸಿಖ್ ವೃದ್ಧರೊಬ್ಬರನ್ನು ಪೇಟವಿಲ್ಲದ ಫೋಟೋ ಹಿಡಿದು ಪತ್ತೆ ಹಚ್ಚುವ ಅಪೂರ್ವ ವಿದ್ಯೆ! ಅವರು ದೂರಿದಾಗ, ಮುಖ ಸ್ಪಷ್ಟವಾಗಿ ಕಾಣುತ್ತಿರುವಾಗ ಪೇಟದಿಂದ ಗುರುತಿಗೆ ಏನು ಅಡ್ಡಿ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಕೇಳಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿಯ ಉಲ್ಲಂಘನೆ ಎಂದಿತು. ಆದರೆ 2008ರಲ್ಲೇ, ಇನ್ನೊಬ್ಬ ಸಿಖ್ಖರ ಡ್ರೈವಿಂಗ್ ಲೈಸೆನ್ಸಿನ ಫೋಟೋ ತಕರಾರನ್ನು ಸ್ಟ್ರಾಸ್‌ಬರ್ಗ್ ಬಾಗಿಲಲ್ಲೇ ತಳ್ಳಿಹಾಕಿತ್ತು. ಹಾಗಾಗಿ ಪೇಟದ ಹಕ್ಕು, ಅರ್ಜಿ ಯಾವ ಊರಿನ ಅಂಚೆಪೆಟ್ಟಿಗೆಗೆ ಬಿತ್ತು ಎಂಬುದರ ಮೇಲೆ ನಿಂತಿದೆ. ಸಮಿತಿ ಹೇಳುವುದು ‘ಅಭಿಪ್ರಾಯ’, ಆದೇಶವಲ್ಲ.

ಅದೇ ಫ್ರಾನ್ಸಿನಲ್ಲಿ ಬೀದಿಯಲ್ಲಿ ಮುಖ ಮುಚ್ಚಿದರೆ 150 ಯೂರೋವರೆಗೆ ದಂಡ. ‘ಕೂಡಿ ಬಾಳುವುದಕ್ಕೆ’ ಮುಖ ಕಾಣಬೇಕು ಎಂಬ ವಾದವನ್ನು 2014ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯವೂ ಒಪ್ಪಿತು. 2020ರಲ್ಲಿ ಮಾಸ್ಕ್ ಹಾಕದೆ ಮುಖ ತೋರಿಸಿದರೆ 135 ಯೂರೋ ದಂಡ. ಹದಿನೈದು ಯೂರೋ ಉಳಿತಾಯ.

‘ಆ ಬಿಳಿಯರೇ ಹೀಗೆ’ ಎಂದು ಲೊಚಗುಟ್ಟುವವರು ಮುಂಬಯಿಯ ಹಾರ್ಬರ್ ಲೈನ್ ರೈಲು ಹಿಡಿದು ಚೆಂಬೂರಿನಲ್ಲಿ ಇಳಿಯಬಹುದು. ಅಲ್ಲಿನ ಕಾಲೇಜೊಂದು 2024ರಲ್ಲಿ ಹಿಜಾಬ್, ಟೋಪಿ, ಬ್ಯಾಡ್ಜ್ ಬೇಡವೆಂದಿತು. ವಿದ್ಯಾರ್ಥಿಗಳ ಧರ್ಮ ಬಯಲಾಗಬಾರದೆಂಬ ಕಾಳಜಿಯಂತೆ. ಬಾಂಬೆ ಹೈಕೋರ್ಟ್ ಸೈ ಎಂದಿತು. ಆಗಸ್ಟ್ 9ರಂದು ಅದಕ್ಕೆ ತಡೆ ಕೊಟ್ಟ ಸುಪ್ರೀಂ ಕೋರ್ಟ್, ತಿಲಕ, ಬಿಂದಿಯನ್ನೂ ನಿಷೇಧಿಸುತ್ತೀರಾ, ಹೆಸರು ಕೇಳಿದರೇ ಧರ್ಮ ತಿಳಿಯುವುದಿಲ್ಲವೇ ಎಂದು ಕೇಳಿತು. ಇದೆಂಥ ಪ್ರಶ್ನೆ? ಹೆಸರು ಬಿಟ್ಟು ರೋಲ್ ನಂಬರಿನಲ್ಲೇ ಹಾಜರಿ ಕೂಗಿದರಾಯಿತು, ಇನ್ನೊಂದು ಸುತ್ತೋಲೆಯ ಖರ್ಚು.