ಅರ್ಧ ಗೋಲು ಮುಚ್ಚುವವನು

‘ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ’ ಎಂದು ಬರೆಯುವವರನ್ನೆಲ್ಲ ಜುಲೈ ತಿಂಗಳಲ್ಲಿ ಒಮ್ಮೆ ಮಡಿಕೇರಿಗೆ ಕರೆಸಬೇಕು. ಊಟ, ವಸತಿ ನಂದೇ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಕೊಡೆ ಬಿಚ್ಚಿದರೆ ಗಾಳಿ ಮಗುಚಿ ಹಾಕುತ್ತದೆ. ರೈನ್‌ಕೋಟ್ ಹಾಕಿದರೆ ಹೊರಗೆ ಮಳೆ, ಒಳಗೆ ಬೆವರು. ರಸ್ತೆ ಬೇಡ, ಕಾಫಿ ತೋಟದೊಳಗೆ ನಡೆಯೋಣ ಎಂದರೆ ಜಿಗಣೆ. ಮಳೆಗಾಲದಲ್ಲಿ ನನ್ನ ಮೈಯಿಂದ ಏನಾದರೂ ಕಡಿಮೆಯಾಗಿದ್ದರೆ ಅದರ ಪೂರ್ತಿ ಶ್ರೇಯಸ್ಸು ಆ ಜಿಗಣೆಗಳಿಗೇ ಸೇರಬೇಕು.

ಹಾಗಾಗಿ ನಾವು ನಡೆಯುವುದಿಲ್ಲ, ಕೂರುತ್ತೇವೆ. ಕೂತ ಮೇಲೆ ಸುಮ್ನೆ ಇರೋಕಾಗುತ್ತಾ? ಮಳೆ ಬಂದರೆ ಕಾಡಿನಲ್ಲಿ ಅಣಬೆ ಏಳುತ್ತದೆ, ಬಿದಿರಿನ ಎಳೆ ಮೊಳಕೆ ಕಣಿಲೆ ಚಿಗುರುತ್ತದೆ, ಗದ್ದೆಯಲ್ಲಿ ಏಡಿ ಓಡಾಡುತ್ತದೆ. ಒಂದಾದ ಮೇಲೊಂದು ಅಡುಗೆಮನೆಗೆ ಬರುತ್ತವೆ. ಒಲೆಯ ಪಕ್ಕ ಬೆಚ್ಚಗೆ ಕೂತು, ಬಿಸಿ ಅಕ್ಕಿ ರೊಟ್ಟಿಗೆ ಕಣಿಲೆ ಕರಿ ಹಾಕಿಕೊಂಡವನಿಗೆ ಹಸಿವು ಯಾವುದು, ಚಳಿ ಯಾವುದು ಅಂತ ಗೊತ್ತಾಗುವುದಿಲ್ಲ. ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ತಿನ್ನುವುದಕ್ಕೆ ನಮ್ಮಲ್ಲಿ ವೈದ್ಯಕೀಯ ಕಾರಣಗಳೂ ಇವೆ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದ್ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ತುಂಬಿರುತ್ತದೆ ಎಂಬ ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸವನ್ನೋ ಪುಟ್ಟನ್ನೋ ಮಾಡುತ್ತಾರೆ. ಮರುದಿನ ಬಚ್ಚಲಿನಲ್ಲೂ ಬಣ್ಣ ಕಾಣುತ್ತದೆ. ಹೊರಗಿನಿಂದ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು, ಇಲ್ಲದಿದ್ದರೆ ಬೆಳ್ಳಂಬೆಳಿಗ್ಗೆ ಆಸ್ಪತ್ರೆಗೆ ಹೊರಡುತ್ತಾರೆ. ಔಷಧಿ ಎಂದ ಮೇಲೆ ಅರ್ಧಕ್ಕೆ ಬಿಡಬಾರದು. ನಾನು ಪ್ರತಿ ವರ್ಷ ಕೋರ್ಸ್ ಪೂರ್ತಿ ಮಾಡುತ್ತೇನೆ, ಮೇಲೆ ತುಪ್ಪವನ್ನೂ ಸುರಿದುಕೊಂಡು.

ಆದರೆ ಕಕ್ಕಡ ಅಂದರೆ ಗದ್ದೆಯಲ್ಲಿ ನಾಟಿ ನಡೆಯುವ ಕಾಲ. ನಮ್ಮ ಅಜ್ಜ ದಿನವಿಡೀ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಬಂದು ಅಷ್ಟನ್ನು ತಿನ್ನುತ್ತಿದ್ದರು. ನಾನು ಅಜ್ಜನ ತಟ್ಟೆಯನ್ನು ಉಳಿಸಿಕೊಂಡೆ, ಗದ್ದೆಯನ್ನು ಬಿಟ್ಟೆ. ಆಫೀಸಿನಲ್ಲಿ ನನ್ನ ಮೈಯಲ್ಲಿ ಜಾಸ್ತಿ ಕೆಲಸ ಮಾಡುವುದು ತೋರುಬೆರಳು.

ರಕ್ತ ಪರೀಕ್ಷೆಯ ಚೀಟಿ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ‘5.7ರಿಂದ 6.4ರವರೆಗೆ ಇದ್ದರೆ ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ ಅರ್ಥ. ಒಳಗೆ ಹೋಗಬೇಡಿ’ ಎಂದರು ಡಾಕ್ಟರು. ಆಮೇಲೆ ಟೇಪು ತೆಗೆದರು. ಭಾರತೀಯ ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಬಾರದಂತೆ. ಟೇಪನ್ನು ನನ್ನ ಸುತ್ತ ತಂದು, ಓದಿ, ಏನೂ ಹೇಳದೆ ಬರೆದುಕೊಂಡರು. ಆ ಮೌನದಿಂದ ನನ್ನಲ್ಲಿ ಹುಮ್ಮಸ್ಸು ಹುಟ್ಟಬೇಕಿತ್ತು. ಹುಟ್ಟಿದ್ದು ಭಯ. ಭಯವಾದಾಗ ನನಗೆ ಏನಾದರೂ ತಿನ್ನಬೇಕು ಅನಿಸುತ್ತದೆ.

ವಿಷಯ ತಿಳಿದ ಭಾವ ಒಂದು ಲೇಖನ ಕಳಿಸಿದ. ನಮ್ಮ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಕಾಚಂಪುಳಿ ಇದೆಯಲ್ಲ, ಕಪ್ಪಗೆ, ಹುಳಿಯಾಗಿ, ಒಂದು ಚಮಚಕ್ಕೆ ಇಡೀ ಪಾತ್ರೆ ಎದ್ದು ಕೂರುವಂಥದ್ದು? ಅದು ಗಾರ್ಸೀನಿಯಾ ಹಣ್ಣಿನ ರಸ ಬತ್ತಿಸಿ ಮಾಡಿದ್ದು. ಅದೇ ಹಣ್ಣಿನ ಸಾರದಿಂದ ಹೊರದೇಶಗಳಲ್ಲಿ ತೂಕ ಇಳಿಸುವ ಮಾತ್ರೆ ಮಾಡಿ ಮಾರುತ್ತಾರೆ. ‘ನೋಡು, ರೋಗವೂ ಮದ್ದೂ ಒಂದೇ ಪಾತ್ರೆಯಲ್ಲಿ. ಧೈರ್ಯವಾಗಿ ಹೊಡಿ’ ಎಂದ. ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ಹೊಡೆದೆ. ಆಮೇಲೆ ಓದಿಕೊಂಡು ಹೋದರೆ, 1998ರಲ್ಲೇ ಅಮೆರಿಕದಲ್ಲಿ 135 ಜನರನ್ನಿಟ್ಟುಕೊಂಡು 12 ವಾರ ಪರೀಕ್ಷೆ ಮಾಡಿದ್ದಾರೆ. ಆ ಸಾರ ತಿಂದವರ ತೂಕ ಸುಳ್ಳು ಮಾತ್ರೆ ತಿಂದವರಿಗಿಂತ ಜಾಸ್ತಿಯೇನೂ ಇಳಿಯಲಿಲ್ಲವಂತೆ. ಭಾವನಿಗೆ ಕಳಿಸಿದೆ. ‘ಅವರು ಪಂದಿ ಜೊತೆ ಕೊಟ್ಟಿರಲಿಕ್ಕಿಲ್ಲ’ ಎಂದು ಉತ್ತರ ಬಂತು.

ನಂತರದ ಪೆಟ್ಟು ಬಿದ್ದದ್ದು ಮದುವೆಮನೆಯಲ್ಲಿ. ನಮ್ಮ ಕುಪ್ಯ ಒಳ್ಳೆಯ ಉಡುಪು. ಮೊಣಕಾಲಿನವರೆಗೆ ಕಪ್ಪು ನಿಲುವಂಗಿ, ಎಂಥ ಹೊಟ್ಟೆಯನ್ನೂ ಮರ್ಯಾದೆಯಿಂದ ಮುಚ್ಚುತ್ತದೆ. ಕೈಕೊಡುವುದು ಅದರ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿ, ಚೇಲೆ. ಸುತ್ತು ಮುಗಿದ ಮೇಲೆ ಜರಿಯ ತುದಿ ಚಂದಕ್ಕೆ ಇಳಿಬೀಳಬೇಕು. ನನ್ನದರಲ್ಲಿ ಇಳಿಬೀಳಲು ಏನೂ ಉಳಿದಿರಲಿಲ್ಲ. ‘ಚೇಲೆ ಒಗೆದು ಚಿಕ್ಕದಾಗಿದೆ’ ಎಂದೆ. ‘ರೇಷ್ಮೆನ ಯಾರು ಒಗೀತಾರೆ?’ ಎಂದಳು ಹೆಂಡತಿ. ಸಿಕ್ಕಿಸಿದ ಪೀಚೆಕತ್ತಿ ಹೊಟ್ಟೆಯ ಇಳಿಜಾರಿನ ಮೇಲೆ ಆರಾಮವಾಗಿ ಮಲಗಿತು. ವಾಲಗಕ್ಕೆ ಕುಣಿದು ಕರಗಿಸೋಣ ಎಂದು ಇಳಿದೆ. ಗಂಗಾಪೂಜೆಯಲ್ಲಿ ಮದುಮಗಳು ನೀರಿನ ಕೊಡ ಹೊತ್ತು ನಿಂತಿರುತ್ತಾಳೆ, ಗಂಡಿನ ಕಡೆಯವರು ಎದುರು ಕುಣಿಯುತ್ತ ಅವಳ ದಾರಿ ತಡೆಯುತ್ತಾರೆ. ಕೆಲವೊಮ್ಮೆ ಗಂಟೆಗಟ್ಟಲೆ. ಸ್ವಲ್ಪ ಹೊತ್ತಿಗೆ ನನ್ನ ಉಸಿರು ಎಲ್ಲಿಗೋ ಹೋಯಿತು. ಕೊಡ ಹೊತ್ತ ಹುಡುಗಿಯೇ ಪಾಪ, ‘ನೀವು ಕೂತ್ಕೊಳ್ಳಿ ಮಾವ’ ಎಂದಳು.

ಇಷ್ಟಾದರೂ ಹುಮ್ಮಸ್ಸು ಬಂದಿರಲಿಲ್ಲ. ಬಂದದ್ದು ಹಾಕಿಯಿಂದ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಒಕ್ಕಕ್ಕೆ, ಅಂದರೆ ಒಂದೇ ಮನೆತನದ ಹೆಸರಿನವರಿಗೆಲ್ಲ ಸೇರಿ, ಒಂದೊಂದು ತಂಡ. ಬೆಂಗಳೂರಿನಲ್ಲಿರುವವರು, ಸೈನ್ಯದಲ್ಲಿರುವವರು, ಮಂಡಿ ನೋವಿನವರು, ಯಾರು ಸಿಕ್ಕರೂ ಹನ್ನೊಂದು ತುಂಬಿಸುವುದು ಪ್ರತಿ ಒಕ್ಕದ ತಲೆನೋವು. ನಮ್ಮ ಒಕ್ಕದ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಮಗ ತಂಡದ ಪಟ್ಟಿ ಹಾಕಿದ. ಗೋಲ್‌ಕೀಪರ್ ಜಾಗದಲ್ಲಿ ನನ್ನ ಹೆಸರು. ಕೆಳಗೆ ವಿವರಣೆ: ‘ಅಣ್ಣ ಸುಮ್ನೆ ನಿಂತರೆ ಸಾಕು. ಅರ್ಧ ಗೋಲು ಮುಚ್ಚಿಹೋಗುತ್ತೆ.’

ಅದಕ್ಕೆ ಸಾಲಾಗಿ ಹೆಬ್ಬೆರಳು ಬಿದ್ದವು. ಒಂದು ನನ್ನ ಹೆಂಡತಿಯದು.

ಹಾಕಿ ಗೋಲಿನ ಅಗಲ 12 ಅಡಿ. ಅರ್ಧ ಎಂದರೆ 6 ಅಡಿ. ಅಷ್ಟು ಎತ್ತರವೇ ನಾನಿಲ್ಲ, ಇನ್ನು ಅಗಲ! ಈ ಲೆಕ್ಕವನ್ನು ಗುಂಪಿನಲ್ಲಿ ಹಾಕಿದೆ. ಯಾರೂ ಹೆಬ್ಬೆರಳು ಒತ್ತಲಿಲ್ಲ. ಡಾಕ್ಟರ ಮಾತಿಗೆ ಅಲುಗದವನು ಅವತ್ತು ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಆರೋಗ್ಯದ ಆಸೆ, ಆಯುಷ್ಯದ ಆಸೆ ಎಲ್ಲ ದೊಡ್ಡವರಿಗೆ. ನನ್ನಂಥವನಿಗೆ ರೋಷ ಸಾಕು. ಅದು ಬೆಳಿಗ್ಗೆ ಅಲಾರಂ ಇಲ್ಲದೆ ಎಬ್ಬಿಸುತ್ತದೆ.

ರೋಷ ಎಬ್ಬಿಸುತ್ತದೆ ನಿಜ, ತಟ್ಟೆ ಮುಂದೆ ಅದರ ಆಟ ನಡೆಯುವುದಿಲ್ಲ. ಅಲ್ಲಿ ಉಪಾಯ ಬೇಕು. ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ತಲುಪಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದಂತೆ. ನಾನು ಏಳೇ ನಿಮಿಷದಲ್ಲಿ ಊಟ ಮುಗಿಸುವವನು, ಸುದ್ದಿ ಬರುವ ಹೊತ್ತಿಗೆ ಕೈ ತೊಳೆದಿರುತ್ತಿದ್ದೆ. ಈಗ ಎರಡನೇ ಕಡಂಬುಟ್ಟಿಗೆ ಮೊದಲು ಪಕ್ಕದವರ ಕಾಫಿ ತೋಟದ ಬಗ್ಗೆ ಕೇಳುತ್ತೇನೆ. ಕೊಡಗಿನಲ್ಲಿ ಕಾಫಿ ರೇಟು, ಆನೆ ಕಾಟ, ಕೆಲಸದವರ ಸಮಸ್ಯೆ, ಈ ಮೂರನ್ನು ಕೇಳಿದರೆ ಇಪ್ಪತ್ತು ನಿಮಿಷ ಏನು, ಮಧ್ಯಾಹ್ನವೇ ಕಳೆಯುತ್ತದೆ. ಕಡಂಬುಟ್ಟು ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ ಎಂದು ವಾದಿಸುತ್ತಿದ್ದವನು ನಾನೇ. ಎಣ್ಣೆ ಇಲ್ಲ, ಸರಿ. ಅಕ್ಕಿ ಇದೆ, ಕೈಯಳತೆಯ ಉಂಡೆಯಲ್ಲಿ ಒತ್ತಿ ತುಂಬಿದ ಅಕ್ಕಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಬೇಕು. ಮನೆಯಲ್ಲಿ ಸುಲಭ. ಕಣಿಲೆ, ಅಣಬೆ, ಕೆಸುವಿನ ಸೊಪ್ಪು ಎಲ್ಲ ಆ ಅರ್ಧಕ್ಕೇ ಸೇರಿಸಿದೆ. ನೆಂಟರ ಮನೆಯಲ್ಲಿ ಮಾತ್ರ ತರಕಾರಿ ಎಂದರೆ ಈರುಳ್ಳಿ, ಹಣ್ಣು ಎಂದರೆ ಅದರ ಮೇಲಿನ ನಿಂಬೆ ಹೋಳು.

ಎಲ್ಲಕ್ಕಿಂತ ಕಷ್ಟ ಸೋದರತ್ತೆ. ವಿರಾಜಪೇಟೆಗೆ ಹೋದಾಗ ಒಂದೇ ನೂಲ್‌ಪುಟ್ಟು ಹಾಕಿಕೊಂಡೆ. ಅತ್ತೆ ಸೌಟು ಹಿಡಿದು ಹಾಗೇ ನಿಂತರು. ‘ಎಂತ ಮಗ, ಮೈ ಹುಷಾರಿಲ್ವಾ?’ ‘ಇದ್ದೇನೆ ಅತ್ತೆ.’ ‘ಕೋಳಿಗೆ ಉಪ್ಪು ಜಾಸ್ತಿ ಆಯ್ತಾ?’ ‘ಇಲ್ಲ ಅತ್ತೆ, ಹದವಾಗಿದೆ.’ ‘ಮತ್ತೆ ಹೆಂಡತಿ ಹತ್ರ ಜಗಳವಾ?’ ತಿನ್ನದಿರುವುದಕ್ಕೆ ಅವರ ಬಳಿ ನಾಲ್ಕನೇ ಕಾರಣ ಇರಲಿಲ್ಲ. ಹೊರಡುವಾಗ ಜಗಳ ಸರಿಹೋಗಲಿ ಎಂದು ಡಬ್ಬಿ ತುಂಬ ಪಂದಿ ಕೊಟ್ಟು ಕಳಿಸಿದರು. ಹೆಂಡತಿ ಒಬ್ಬಳೇ ತಿಂದಳು. ನನಗೆ ಸಿಕ್ಕಿದ್ದು ಡಬ್ಬಿ ತೊಳೆಯುವ ಕೆಲಸ.

ಪಂದ್ಯದ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. ಎದೆಗೆ ಕಟ್ಟುವ ಪ್ಯಾಡಿನ ಪಟ್ಟಿ ಕೊನೆಯ ತೂತಿಗೆ ಸಿಕ್ಕಿತು, ಅದೇ ಗೆಲುವು. ಚೆಂಡುಗಳು ನಾನು ಮುಚ್ಚದ ಅರ್ಧದಲ್ಲಿ ಹೋದವು.

ಆದರೆ ರೋಷ ಅಲ್ಲಿಗೇ ಆರಲಿಲ್ಲ. ಬಿಸಿಲು ಬಂದ ದಿನ ಕೋಟೆ ಸುತ್ತ ನಡೆದೆ, ಮಳೆ ಬಂದ ದಿನ ಮನೆಯ ಉದ್ದ ಜಗಲಿಯಲ್ಲಿ ಆಚೆಈಚೆ. ನಾಯಿ ಮೊದಮೊದಲು ಜೊತೆಗೆ ಬಂತು, ಎಲ್ಲಿಗೂ ಹೋಗುತ್ತಿಲ್ಲ ಎಂದು ತಿಳಿದ ಮೇಲೆ ಮಲಗಿಬಿಟ್ಟಿತು. ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು. ಚೇಲೆಗೆ ಬೆರಳುದ್ದ ತುದಿ ಬಂತು. ಡಾಕ್ಟರು ಟೇಪು ಓದಿ ಈ ಸಲ ಬಾಯಿ ಬಿಟ್ಟು ‘ಪರವಾಗಿಲ್ಲ’ ಎಂದರು.

ಮರುವರ್ಷದ ಪಟ್ಟಿ ಬಂತು. ಗೋಲ್‌ಕೀಪರ್ ಜಾಗದಲ್ಲಿ ಭಾವನ ಹೆಸರು. ನನ್ನದು ಕೊನೆಯಲ್ಲಿ, ಮೀಸಲು ಆಟಗಾರರ ಸಾಲಿನಲ್ಲಿ. ಫೋನ್ ಮಾಡಿ ಕೇಳಿದೆ.

‘ಬೇಜಾರು ಮಾಡ್ಕೋಬೇಡ ಅಣ್ಣ’ ಎಂದ ಚಿಕ್ಕಪ್ಪನ ಮಗ. ‘ನೀನು ಸಪೂರ ಆಗಿಬಿಟ್ಟೆ. ಎದುರಿನವರಿಗೆ ಗೋಲು ಕಾಣುತ್ತೆ. ಮೀಸಲಿನವರನ್ನ ಊಟದ ಶಾಮಿಯಾನದ ಪಕ್ಕದಲ್ಲೇ ಕೂರಿಸ್ತೀವಿ. ಚೆನ್ನಾಗಿ ತಿನ್ನು, ಮುಂದಿನ ವರ್ಷ ನೋಡೋಣ.’