ಮಾರಿ ಕಾಣತೈತಿ, ದನಿ ಎಲ್ಲೈತಿ?

ಟಿವಿಯೊಳಗೆ ಮಲ್ಲಿಕಾರ್ಜುನ ಮನ್ಸೂರರು ಕೈ ಎತ್ತಿದರು, ಬಾಯಿ ತೆರೆದರು. ಹಿಂದೆ ತಂಬೂರಿ ಮೇಲೆ ಬೆರಳು ಆಡುತ್ತಲೇ ಇದೆ. ದನಿ ಮಾತ್ರ ಇಲ್ಲ.

‘ಏನೋ ತಮ್ಮಾ, ಬರೇ ಮಾರಿ ನೋಡಾಕ ಕುಂಡ್ರಿಸೀಯೇನು ನನ್ನ?’ ಅಂದರು ಅಪ್ಪ.

ಧಾರವಾಡದ ಮನೆಯಲ್ಲಿ ಈ ತಪ್ಪಿಗೆ ಮಾಫಿ ಇಲ್ಲ. ಇಲ್ಲಿ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಪ್ಪನ ವಾರಿಗೆಯವರು ರೇಡಿಯೋ ಮುಂದೆ ಕೂತೇ ಹಾಡುವವರ ಗುರುತು ಹಿಡಿಯುತ್ತಿದ್ದರು. ಮುಖ ನೋಡಿದ್ದೆಲ್ಲ ಆಮೇಲೆ.

ಪೆನ್ ಡ್ರೈವ್ ಕೊಟ್ಟದ್ದು ಅಕ್ಕನ ಮಗ. ಟಿವಿಗೆ ಚುಚ್ಚಿದರೆ ಈ ಫೈಲು ನನಗೆ ಆಗಲ್ಲ ಅಂತು. ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಸರಿ, ಎರಡಕ್ಕೂ ಗಂಟು ಹಾಕೋಣ ಅಂತ ಎಚ್‌ಡಿಎಂಐ ವೈರು ತರಲು ಸುಭಾಸ ರೋಡಿಗೆ ಹೋದೆ. ‘ಎಷ್ಟ್ ಮೀಟರ್ ಕೊಡ್ಲಿರಿ?’ ಅಂದ ಅಂಗಡಿಯವ. ಮಲ್ಲಿಗೆ ಆದರೆ ಮೊಳದ ಲೆಕ್ಕ ಗೊತ್ತು. ಅಂದಾಜಿಗೆ ಒಂದೂವರೆ ಮೀಟರ್ ಅಂದೆ. ಗೋಡೆಯ ಟಿವಿಯಿಂದ ಇಳಿದ ವೈರು ಟೀಪಾಯಿಗೆ ಒಂದು ಗೇಣು ಮೇಲೇ ನಿಂತುಬಿಟ್ಟಿತು. ಕೊನೆಗೆ ಟೀಪಾಯಿ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಗಣಪತಿ ಕೂರಿಸಿದ ಹಾಗೆ.

ಟಿವಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ. ಕೈ ತೂರಿಸಿದರೆ ಕಣ್ಣು ಹೋಗಲ್ಲ, ಕಣ್ಣು ಇಟ್ಟರೆ ಕೈ ಹೋಗಲ್ಲ. ಎಚ್‌ಡಿಎಂಐ ವೈರಿನ ಮೂತಿಯ ಕೆಳಗಿನ ಎರಡು ಮೂಲೆ ಕತ್ತರಿಸಿದಂತೆ ಒಳಕ್ಕೆ ಸರಿದಿರುತ್ತವೆ. ಬೆರಳಿನಿಂದ ಮೂಲೆ ಸವರಿ ಸವರಿ, ಮೂರನೇ ಸಲಕ್ಕೆ ಟಕ್ ಅಂತು. ಆಮೇಲೆ ರಿಮೋಟಿನ ಸೋರ್ಸ್ ಬಟನ್. ನಾನು ಎಚ್‌ಡಿಎಂಐ ಒಂದು ಒತ್ತುತ್ತಿದ್ದೆ, ವೈರು ಎರಡರಲ್ಲಿತ್ತು. ಅದು ಬಗೆಹರಿದರೆ ಟಿವಿ ತುಂಬ ಬರೀ ವಾಲ್‌ಪೇಪರ್. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡುಪ್ಲಿಕೇಟ್’ ಆರಿಸಬೇಕಂತೆ. ನಮ್ಮ ಮಾರ್ಕೆಟ್ಟಿನಲ್ಲಿ ಆ ಶಬ್ದಕ್ಕೆ ಒಳ್ಳೇ ಹೆಸರಿಲ್ಲ, ಆದರೂ ಆರಿಸಿದೆ.

ಹಾಗೆ ಬಂದ ಮನ್ಸೂರರೇ ಈಗ ಮೂಕರಾಗಿ ಹಾಡುತ್ತಿದ್ದರು.

ನನಗೆ ಸಿಟ್ಟು ಬಂತು. ನಾನು ನೌಕರಿ ಸೇರಿದಾಗ ಆಫೀಸಿನಲ್ಲಿ ಇದ್ದದ್ದು ನೀಲಿ ಮೂತಿಯ ವಿಜಿಎ ವೈರು, 1987ರ ಕಾಲದ್ದು. ಹದಿನೈದು ಪಿನ್ನು, ಸಾಗಿಸೋದು ಚಿತ್ರ ಮಾತ್ರ. ದನಿಗೆ ಬೇರೆ ವೈರು ಎಳೀಬೇಕಿತ್ತು. 2002ರ ಕೊನೆಗೆ ಬಂದ ಎಚ್‌ಡಿಎಂಐಗೆ ಹತ್ತೊಂಬತ್ತು ಪಿನ್ನು. ಚಿತ್ರ, ದನಿ ಎರಡನ್ನೂ ಒಂದೇ ವೈರು ಹೊರುತ್ತದೆ. ಹೊರುತ್ತದೆ ನಿಜ, ಹೊರು ಅಂತ ಲ್ಯಾಪ್‌ಟಾಪು ಹೇಳಬೇಕು, ಅಲ್ವಾ? ಕೆಳಗೆ ಬಲಮೂಲೆಯ ಸ್ಪೀಕರ್ ಗುರುತು ಒತ್ತಿದೆ. ಪಟ್ಟಿಯಲ್ಲಿ ಟಿವಿಯ ಹೆಸರು ಸುಮ್ನೆ ಕೂತಿತ್ತು, ಕರೆಯದ ನೆಂಟನ ಹಾಗೆ. ಅದರ ಮೇಲೆ ಒತ್ತಿದೆ.

ಪಡಸಾಲೆ ತುಂಬಿತು. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹತ್ತು ನಿಮಿಷ ಆಗಿರಬಹುದು, ಕರೆಂಟ್ ಹೋಯಿತು.

ಟಿವಿ ಕಪ್ಪಾಯಿತು. ಹಾಡು ಒಂದು ಗಳಿಗೆ ತಡವರಿಸಿ, ತಾನಾಗಿಯೇ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿಗೆ ಬಂದು ಕೂತಿತು. ಟಿವಿ ಕೈಬಿಟ್ಟಿತು ಅಂತ ಗೊತ್ತಾದರೆ ಅದು ತನ್ನ ಬಾಯಿಗೇ ಮರಳುತ್ತದೆ. ಬ್ಯಾಟರಿ ಉಳಿಯಲಿ ಅಂತ ನಾನು ಮುಚ್ಚಲು ಹೋದೆ.

‘ಇರ್ಲಿ ಬಿಡೋ. ಅದರ ಬೆಳಕು ಕಣ್ಣಿಗೆ ಹೊಡಿತೈತಿ, ಗ್ವಾಡಿ ಕಡೆ ತಿರುಗಿಸಿ ಇಡು.’

ತಿರುಗಿಸಿ ಇಟ್ಟೆ.