ಡಾರ್ಸಿ ಪೋಲಿಯಲ್ಲ

‘ದಿಟ್ಟ ಹುಡುಗಿಯೊಬ್ಬಳು ಪೋಲಿ ಶ್ರೀಮಂತನನ್ನು ಪ್ರೀತಿಯಿಂದ ತಿದ್ದುವ ಕತೆ ಶುರು ಮಾಡಿದ್ದೇ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್, ಅವರ ನಾಯಕ ಡಾರ್ಸಿಯೇ ಅದರ ಮೂಲ’ ಎಂಬ ಮಾತು ಜಾಸ್ತಿ ಓಡಾಡುತ್ತಿದೆ. ಇದು ತಪ್ಪು.

ಡಾರ್ಸಿ ಬರುವ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ತೆಗೆದು ಮೆರಿಟನ್ ಊರಿನ ಕುಣಿತದ ಸಂಜೆಯನ್ನು ಓದಿ. ಡಾರ್ಸಿ ಕುಣಿಯುವುದು ಎರಡೇ ಸಲ, ಅದೂ ತನ್ನ ಜೊತೆ ಬಂದ ಹೆಂಗಸರೊಂದಿಗೆ. ಉಳಿದ ಹೊತ್ತು ಸುಮ್ನೆ ಅಡ್ಡಾಡುತ್ತಾನೆ. ಅವನದು ಜಂಬ, ಚಪಲವಲ್ಲ. ಅಲ್ಲಿ ಪೋಲಿ ಅಂದರೆ ವಿಕಮ್. ದುಡ್ಡಿನಾಸೆಗೆ ಡಾರ್ಸಿಯ 15 ವರ್ಷದ ತಂಗಿಯನ್ನು ಓಡಿಸಿಕೊಂಡು ಹೋಗಲು ನೋಡಿದವನು, ಆಮೇಲೆ ನಾಯಕಿಯ ತಂಗಿ ಲಿಡಿಯಾಳನ್ನು ಕರೆದುಕೊಂಡು ಓಡಿದವನು. ಅವನನ್ನು ಯಾವ ಪ್ರೀತಿಯೂ ತಿದ್ದುವುದಿಲ್ಲ. ಆಸ್ಟಿನ್‌ರದೇ 1811ರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ವಿಲ್ಲೋಬಿಯೂ ಅಷ್ಟೇ. ಒಬ್ಬ ಹುಡುಗಿಯನ್ನು ಬಸಿರು ಮಾಡಿ ಕೈಬಿಟ್ಟ, 50,000 ಪೌಂಡ್ ಇದ್ದವಳನ್ನು ಮದುವೆಯಾದ. ಅವನನ್ನು ಪ್ರೀತಿಸಿದ ಮರಿಯಾನ್‌ಗೆ ಅವನು ಸಿಗಲಿಲ್ಲ. ಒಳ್ಳೆಯದೇ ಆಯಿತು ಅಲ್ವಾ?

ಪೋಲಿಯನ್ನೇ ನಾಯಕನನ್ನಾಗಿಸಿ ರೀಜೆನ್ಸಿ (19ನೇ ಶತಮಾನದ ಆರಂಭದ ಇಂಗ್ಲೆಂಡಿನ) ಪ್ರೇಮಕತೆಗೆ ಇವತ್ತಿನ ಅಚ್ಚು ಕೊಟ್ಟವರು ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್, 20ನೇ ಶತಮಾನದವರು. ಅವರ 1958ರ ‘ವೆನಿಷಿಯಾ’ದಲ್ಲಿ, ಹಣ್ಣು ಕೀಳುತ್ತಿದ್ದ ವೆನಿಷಿಯಾಳಿಗೆ ಪೋಲಿ ಶ್ರೀಮಂತ ಡ್ಯಾಮರೆಲ್ ಕೇಳದೆಯೇ ಮುತ್ತಿಡುತ್ತಾನೆ. ಅವಳು ಅಳುವುದಿಲ್ಲ, ಮಾತಿಗೆ ಮಾತು ಕೊಡುತ್ತಾಳೆ. ಎಲ್ಲರೂ ಮೆಚ್ಚುವ ದಿಟ್ಟ ಹುಡುಗಿ, ಪೋಲಿ ಶ್ರೀಮಂತನ ಆ ಜೋಡಿ ಇರುವುದು ಇಲ್ಲಿ.